ವೃದ್ಧರ ಶುಶ್ರೂಷೆ ಮತ್ತು ಕೈಗೆಲಸ: ರಾಯಪುರಂನ ಕೆಲವು ಅನುಭವಗಳು

(ಸಂಘದ ತಿಂಗಳ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಪಾಠ)



ಈ ವೇದಿಕೆಯ ಮೇಲೆ ಸಾಮಾನ್ಯವಾಗಿ ಸಾಹಿತಿಗಳೂ ಪ್ರಾಧ್ಯಾಪಕರೂ ನಿಲ್ಲುತ್ತಾರೆ. ನಾನು ಆ ಎರಡು ಪಂಗಡಕ್ಕೂ ಸೇರಿದವಳಲ್ಲ. ಮೊದಲು ದಾದಿಯಾಗಿ, ಆಮೇಲೆ ದಾದಿಯರಿಗೆ ಪಾಠ ಹೇಳುವವಳಾಗಿ ಈ ಊರಿನಲ್ಲಿ ಬಾಳಿ ನಿವೃತ್ತಳಾದವಳು. ಹುಟ್ಟಿದ್ದು ಕೊಳ್ಳೇಗಾಲದ ಬಳಿ. 1956ರವರೆಗೆ ಆ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ, ಎಂದರೆ ಮದರಾಸು ರಾಜ್ಯಕ್ಕೆ ಸೇರಿತ್ತು. ತರಬೇತಿಗೆಂದು ನಾನು ಇಲ್ಲಿಗೆ ಹೊರಟಾಗ ನಮ್ಮ ತಂದೆಯವರು, “ನೀನು ಮದರಾಸಿಗೆ ಹೋಗುತ್ತಿಲ್ಲ, ನಮ್ಮೂರು ಬಿಟ್ಟುಬಂದ ಮನೆಗೆ ಹಿಂತಿರುಗುತ್ತಿದ್ದೀಯ” ಎಂದು ನಗೆಯಾಡಿದ್ದರು.

ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ವೃದ್ಧಾಪ್ಯ ಮತ್ತು ಸಮಾಜ’. ಅಷ್ಟು ದೊಡ್ಡ ವಿಷಯವನ್ನು ಹೊರುವ ಶಕ್ತಿ ನನಗಿಲ್ಲ. ಆದ್ದರಿಂದ ಅದನ್ನು ಕಿರಿದಾಗಿಸಿಕೊಂಡು, ರಾಯಪುರಂನ ಒಂದು ವೃದ್ಧಾಶ್ರಮಕ್ಕೆ ನಾನು ಶುಶ್ರೂಷಾ ವಿದ್ಯಾರ್ಥಿನಿಯರನ್ನು ವಾರಕ್ಕೊಮ್ಮೆ ಕರೆದುಕೊಂಡು ಹೋಗಿ, ಅಲ್ಲಿನ ಹಿರಿಯರ ಜೊತೆ ಚಿತ್ರ, ಹೊಲಿಗೆ, ಬಲೆ, ಹಾಡು ಇತ್ಯಾದಿಗಳಲ್ಲಿ ಕೂಡಿಸಿದ ಕಥೆಯನ್ನಷ್ಟೇ ಹೇಳುತ್ತೇನೆ. ಆಶ್ರಮದ ಹೆಸರನ್ನಾಗಲಿ, ಅಲ್ಲಿದ್ದವರ ಹೆಸರನ್ನಾಗಲಿ ಹೇಳುವುದಿಲ್ಲ. ಅದು ನಮ್ಮ ವೃತ್ತಿಯ ನಿಯಮ.

ರಾಯಪುರಂ ಎಂದೊಡನೆ ನಮಗೆ ಹಳೆಯ ರೈಲು ನಿಲ್ದಾಣ ನೆನಪಾಗುತ್ತದೆ. 1856ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಅಲ್ಲಿಂದ ವಾಲಾಜಾ ರೋಡಿಗೆ ಹೊರಟಿತು. ಕಾಸಿಮೇಡಿನ ಮೀನುಬಂದರು ನೆನಪಾಗುತ್ತದೆ. ಗಾಳಿ ಬೀಸಿದರೆ ಅದು ತಾನಾಗಿಯೇ ನೆನಪು ಮಾಡಿಕೊಡುತ್ತದೆ. ಆದರೆ ಕನ್ನಡಿಗರು ತಿಳಿದಿರಬೇಕಾದ ಇನ್ನೊಂದು ಸಂಗತಿ ಆ ನೆಲದಲ್ಲಿದೆ. 1780ರಲ್ಲಿ ಹೈದರಾಲಿಯ ಸೇನೆ ಮೈಸೂರಿನಿಂದ ಆರ್ಕಾಟು ಸೀಮೆಗೆ ಇಳಿಯಿತು. ಯುದ್ಧ, ಅದರ ಬೆನ್ನಿಗೆ ಕ್ಷಾಮ. ಹಳ್ಳಿಗಳಿಂದ ಓಡಿಬಂದ ಹಸಿದವರಿಗೆ ಗಂಜಿ ಹಂಚಲು 1782ರಲ್ಲಿ ಒಂದು ಛತ್ರ ಆರಂಭವಾಯಿತು. ಅದೇ ಮಣೆಗಾರ್ ಛತ್ರ. ಮಣೆಗಾರನೆಂದರೆ ಮೇಲ್ವಿಚಾರಕ, ಆ ಹೆಸರಿನ ಮನೆತನಗಳು ನಮ್ಮ ಕಡೆಯೂ ಇವೆ. ಗಂಜಿ ಕುಡಿಯಲು ಬಂದವರಲ್ಲಿ ರೋಗಿಗಳಿದ್ದರು, ವೃದ್ಧರಿದ್ದರು. ಅವರಿಗಾಗಿ ಚಿಕಿತ್ಸೆ ಸೇರಿತು. ಜನ ಅದನ್ನು ಗಂಜಿತೊಟ್ಟಿ ಆಸ್ಪತ್ರೆಯೆಂದೇ ಕರೆದರು. ಇಂದಿನ ಸ್ಟಾನ್ಲಿ ಆಸ್ಪತ್ರೆಯ ಮೂಲ ಅದು. 1938ರಲ್ಲಿ ಅಲ್ಲಿನ ವೈದ್ಯಶಾಲೆ ಕಾಲೇಜಾಯಿತು. ಛತ್ರವೂ ಅಳಿಯದೆ ಮುದುಕರ ಆಸರೆಯಾಗಿ ಉಳಿಯಿತು. ಮೈಸೂರಿನವರು ಕುದುರೆಯೇರಿ ಬಂದು ಮಾಡಿದ ಹಾನಿಗೆ ಮದರಾಸಿನವರು ಗಂಜಿ ಕಾಯಿಸಿದರೆಂದು ನಾನು ತರಗತಿಯಲ್ಲಿ ಹೇಳಿದಾಗ ತಮಿಳು ಹುಡುಗಿಯರು ನನ್ನನ್ನು ನೋಡಿ ನಕ್ಕದ್ದುಂಟು. ಆ ಸಾಲವನ್ನು ತೀರಿಸುವ ಸರದಿ ನಿಮ್ಮದು ಎಂಬಂತಿತ್ತು ಆ ನಗು.

2011ರ ಜನಗಣತಿಯಂತೆ ಭಾರತದಲ್ಲಿ ಅರುವತ್ತು ದಾಟಿದವರು ಹತ್ತು ಕೋಟಿಗೂ ಮೀರಿದ್ದರು. ಇಡೀ ದೇಶದಲ್ಲಿ ಅವರ ಪ್ರಮಾಣ ನೂರಕ್ಕೆ ಎಂಟೂವರೆಯಷ್ಟಿದ್ದರೆ ತಮಿಳುನಾಡಿನಲ್ಲಿ ಹತ್ತನ್ನು ಮೀರಿತ್ತು. ಈ ಊರು ಅದನ್ನು ಬೇಗನೆ ಮನಗಂಡಿತೆಂಬುದನ್ನೂ ಹೇಳಬೇಕು. 1978ರಲ್ಲಿ ಡಾ. ವಿ. ಎಸ್. ನಟರಾಜನ್ ಅವರು ಇಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ವೃದ್ಧರಿಗೆಂದೇ ಹೊರರೋಗಿ ವಿಭಾಗ ತೆರೆದರು. 2024ರಲ್ಲಿ ಗಿಂಡಿಯಲ್ಲಿ ವೃದ್ಧರ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ವೈದ್ಯರು ಬಂದರು, ಕಟ್ಟಡಗಳು ಬಂದವು. ಆದರೆ ಮುದುಕರ ಬಳಿ ಹಗಲಿರುಳು ಇರಬೇಕಾದ ದಾದಿ ಬರಲು ಹಿಂಜರಿಯುತ್ತಾಳೆ. ಇದು ನಾನು ಕಣ್ಣಾರೆ ಕಂಡದ್ದು. ಹತ್ತೊಂಬತ್ತರ ಹುಡುಗಿಗೆ ಹೆರಿಗೆ ವಾರ್ಡು ಬೇಕು, ತೀವ್ರನಿಗಾ ಘಟಕ ಬೇಕು, ಆಮೇಲೆ ಗಲ್ಫಿನ ವೀಸಾ ಬೇಕು. ಮುದುಕರ ವಾರ್ಡಿಗೆ ಹಾಕಿದರೆ ಶಿಕ್ಷೆ ಎಂದು ತಿಳಿಯುತ್ತಾಳೆ. ಅವಳನ್ನು ದೂರಿ ಫಲವಿಲ್ಲ. ಅವಳು ಅಲ್ಲಿ ನೋಡುವುದೇನು? ಮಲ, ಮೂತ್ರ, ಬೆನ್ನುಹುಣ್ಣು. ‘ಆರನೇ ಹಾಸಿಗೆ’, ‘ಒಂಬತ್ತನೇ ಹಾಸಿಗೆ’. ಆರನೇ ಹಾಸಿಗೆಯ ಮೇಲೆ ಮಲಗಿರುವವರು ಹಿಂದೆ ಏನಾಗಿದ್ದರು ಎಂದು ಅವಳಿಗೆ ಹೇಳುವವರಿಲ್ಲ.

ಇದಕ್ಕೆ ಪರಿಹಾರವೆಂದು ನಾನು ಆರಂಭಿಸಿದ್ದು ಬಣ್ಣದ ಪೆನ್ಸಿಲುಗಳಿಂದ. ಮೊದಲ ದಿನವೇ ಸೋತೆ. ಅಂಗಡಿಯಿಂದ ಮಕ್ಕಳ ಚಿತ್ರಪುಸ್ತಕ ತಂದು, ಗಿಳಿಗೆ ಹಸಿರು ತುಂಬಿರಿ ಎಂದು ಹಿರಿಯರ ಮುಂದೆ ಇಟ್ಟೆವು. ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರಾಗಿದ್ದ ಒಬ್ಬರು ಪುಸ್ತಕವನ್ನು ಮುಚ್ಚಿ ನನ್ನ ಕೈಗೆ ಕೊಟ್ಟು, “ಅಮ್ಮಾ, ನನ್ನನ್ನು ಯಾವ ತರಗತಿಗೆ ಸೇರಿಸಿಕೊಂಡಿದ್ದೀರಿ?” ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ತಟ್ಟಿತು. ಮುದುಕರು ಮತ್ತೆ ಮಕ್ಕಳಾಗುತ್ತಾರೆಂದು ನಾವು ಬಾಯಿಮಾತಿಗೆ ಹೇಳುತ್ತೇವಲ್ಲ, ಅಂಥ ತಪ್ಪು ಮಾತು ಇನ್ನೊಂದಿಲ್ಲ. ಮಗುವಿಗೆ ತನ್ನ ಹಿಂದೆ ಏನೂ ಇಲ್ಲ. ಇವರ ಹಿಂದೆ ಎಂಬತ್ತು ವರ್ಷಗಳಿವೆ.

ಮರುವಾರ ಚಿತ್ರಪುಸ್ತಕ ಬಿಟ್ಟು, ಅಳತೆಪಟ್ಟಿ, ಗಟ್ಟಿ ಪೆನ್ಸಿಲು, ಬಿಳಿ ಹಾಳೆ ಒಯ್ದೆವು. ರೈಲುಗಾಡಿಯ ಚಕ್ರ ಅಚ್ಚಿಗೆ ಹೇಗೆ ಕೂರುತ್ತದೆಂದು ತೋರಿಸಿಕೊಡಿ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನಿಜವಾಗಿಯೂ ಅವಳಿಗೆ ಅದು ಗೊತ್ತಿರಲಿಲ್ಲ. ಅವರು ಕುಳಿತು ಮುಕ್ಕಾಲು ಗಂಟೆ ಗೀಚಿದರು. ಚಿತ್ರ ಅಚ್ಚುಕಟ್ಟಾಗಿತ್ತು. ಆದರೆ ಹಾಳೆಯ ಬಲ ಅರ್ಧದಲ್ಲಿ ಮಾತ್ರ ಇತ್ತು. ಎಡಭಾಗದ ಚಕ್ರವೇ ಇಲ್ಲ. “ಮುಗಿಯಿತೇ ತಾತಾ?” ಎಂದರೆ “ಮುಗಿಯಿತು” ಎಂದರು.

ಎರಡು ವರ್ಷಗಳ ಹಿಂದೆ ಅವರಿಗೆ ಮೆದುಳಿನ ಬಲಭಾಗದಲ್ಲಿ ಪಾರ್ಶ್ವವಾಯು ತಗುಲಿತ್ತು. ಅಂಥವರಲ್ಲಿ ಕೆಲವರಿಗೆ ಕಣ್ಣು ಸರಿಯಿದ್ದರೂ ಲೋಕದ ಎಡಭಾಗ ಗಮನಕ್ಕೆ ಬರುವುದಿಲ್ಲ. ಇದನ್ನು ನಾನು ಎಷ್ಟೋ ವರ್ಷ ಹಲಗೆಯ ಮೇಲೆ ಬರೆದು ಪಾಠ ಮಾಡಿದ್ದೆ. ಆ ಹುಡುಗಿ ಹಾಳೆಯನ್ನು ನೋಡಿ, ನನ್ನನ್ನು ನೋಡಿ, “ಮೇಡಂ, ತಟ್ಟೆಯಲ್ಲಿ ಪಲ್ಯ ಬಿಡುತ್ತಾರಲ್ಲ!” ಎಂದಳು. ಅವರು ದಿನವೂ ತಟ್ಟೆಯ ಎಡಭಾಗದಲ್ಲಿದ್ದುದನ್ನು ಬಿಟ್ಟು ಏಳುತ್ತಿದ್ದರು; ಹಟಮಾರಿ, ತರಕಾರಿ ಒಲ್ಲರು ಎಂದು ಅಡುಗೆಯವರು ದೂರುತ್ತಿದ್ದರು. ಮಧ್ಯಾಹ್ನ ಅವಳು ಪಕ್ಕದಲ್ಲಿ ನಿಂತು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಅವರು ಉಳಿದುದನ್ನೂ ಉಂಡರು. ಆಮೇಲೆ ಹಾಳೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಅದು ಕಾಣುವವರೆಗೆ ಕಣ್ಣು ಹೊರಳಿಸುವ ಅಭ್ಯಾಸ ಮಾಡಿಸಿದೆವು. ಎಡಗಡೆಯ ಚಕ್ರ ತುಸುತುಸುವೇ ಮೂಡಿತು, ಪೂರ್ತಿ ಬರಲಿಲ್ಲ. ಆದರೆ ಆ ಹುಡುಗಿ ಅವರನ್ನು ಹಾಸಿಗೆಯ ಸಂಖ್ಯೆಯಿಂದ ಕರೆದದ್ದನ್ನು ಮತ್ತೆ ನಾನು ಕೇಳಲಿಲ್ಲ. ‘ಫಿಟ್ಟರ್ ತಾತ’ ಎನ್ನುತ್ತಿದ್ದಳು.

ಕಲೆ ಮನಸ್ಸಿಗೆ ಹಿತವೆಂಬ ಮಾತನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ದಾದಿಗೆ ಅದರಿಂದ ಆಗುವ ಲಾಭ ಬೇರೆ. ಕೆಲಸದಲ್ಲಿ ತೊಡಗಿದ ಕೈ ಸುಳ್ಳು ಹೇಳುವುದಿಲ್ಲ. “ಹೇಗಿದ್ದೀರಿ?” ಎಂದರೆ “ಚೆನ್ನಾಗಿದ್ದೇನೆ” ಎನ್ನುವ ಅಜ್ಜಿ ಹೂ ಕಟ್ಟಲು ಕೂತಾಗ ಹೆಬ್ಬೆರಳ ಗಂಟಿನ ನೋವು ಹೊರಬೀಳುತ್ತದೆ. ರಂಗೋಲಿಯ ಚುಕ್ಕಿಗಳನ್ನು ಇಡುವಾಗ ನಡುಕ ಕಾಣುತ್ತದೆ. ಕಣ್ಣಿನ ಪೊರೆ ಬಲಿತವರು ನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯದೆ ತಡವರಿಸುತ್ತಾರೆ. ಮರೆವಿನ ರೋಗವನ್ನು ಅಳೆಯಲು 1975ರಿಂದ ಬಳಕೆಯಲ್ಲಿರುವ ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಿರಿ, ನೂರರಿಂದ ಏಳೇಳು ಕಳೆಯಿರಿ ಎಂದು ಕೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದವಳು ಏನು ಮಾಡಬೇಕು? ನಮ್ಮ ದೇಶದ ನಿರಕ್ಷರಿಗಳಿಗೆ ಹೊಂದುವಂತೆ ಅದನ್ನು ತಿದ್ದಿ ಹಿಂದಿಯಲ್ಲಿ ಸಿದ್ಧಪಡಿಸಿ 1995ರಲ್ಲಿ ಪ್ರಕಟಿಸಿದರು, ಒಳ್ಳೆಯದೇ. ಆದರೂ ಹದಿನೈದು ಚುಕ್ಕಿಯ ರಂಗೋಲಿಯನ್ನು ಎಳೆ ತಪ್ಪದೆ ಮುಗಿಸುವ ಮುದುಕಿಯನ್ನು ‘ಬುದ್ಧಿ ಕುಂದಿದೆ’ ಎಂದು ಬರೆಯುವ ಮುಂಚೆ ನನ್ನ ವಿದ್ಯಾರ್ಥಿನಿ ಎರಡು ಸಲ ಯೋಚಿಸಲಿ ಎಂಬುದು ನನ್ನ ಆಸೆ.

ನಾವು ತಪ್ಪಿದ್ದೂ ಉಂಟು. ಕಾಸಿಮೇಡಿನ ಒಬ್ಬ ಮೀನುಗಾರ ಹಿರಿಯರು ಬಲೆ ನೇಯುವ ಗಂಟನ್ನು ಹುಡುಗಿಯರಿಗೆ ಕಲಿಸುತ್ತಿದ್ದರು. ಅವರೇ ಗುರು, ಇವರೇ ದಡ್ಡ ಶಿಷ್ಯೆಯರು. ಎಳೆ ಬಿಗಿಯದಿದ್ದರೆ ಬೆರಳ ಮೇಲೆ ಮೆಲ್ಲಗೆ ತಟ್ಟುತ್ತಿದ್ದರು. ಒಬ್ಬಳು ಉತ್ಸಾಹದಿಂದ, “ತಾತಾ, ಈ ಬಲೆ ಈಗ ಯಾರ ಹತ್ತಿರ ಇದೆ?” ಎಂದು ಕೇಳಿದಳು. 2004ರ ಡಿಸೆಂಬರ್ 26ರಂದು ಬಲೆಯ ಜೊತೆಗೆ ಮಗನೂ ಹೋಗಿದ್ದ. ಅವರು ಹೇಳತೊಡಗಿದರು. ನಮ್ಮ ಬಸ್ಸು ಬಂದಿತ್ತು, ನಾವು ಹೊರಟುಬಿಟ್ಟೆವು. ಎರಡು ದಿನ ಅವರು ಊಟ ಮುಟ್ಟಲಿಲ್ಲವೆಂದು ಆಮೇಲೆ ತಿಳಿಯಿತು. ವೃದ್ಧರು ತಮ್ಮ ಬಾಳನ್ನು ಹಿಂತಿರುಗಿ ನೋಡುವುದು ಅರಳುಮರಳಲ್ಲ, ಅದು ಅವರ ಮನಸ್ಸಿಗೆ ಅಗತ್ಯವಾದ ಕೆಲಸ ಎಂದು 1963ರಲ್ಲೇ ಅಮೆರಿಕದ ರಾಬರ್ಟ್ ಬಟ್ಲರ್ ಎಂಬ ವೈದ್ಯರು ತೋರಿಸಿದ್ದಾರೆ. ಅದನ್ನು ನಾನು ಓದಿದ್ದೆ, ಹುಡುಗಿಯರಿಗೂ ಓದಿಸಿದ್ದೆ. ಬಾಗಿಲು ತೆರೆಯುವುದನ್ನು ಕಲಿಸಿ, ತೆರೆದ ಬಾಗಿಲ ಮುಂದೆ ಕೂತಿರುವುದನ್ನು ಕಲಿಸಿರಲಿಲ್ಲ. ತಪ್ಪು ನನ್ನದು. ಅಂದಿನಿಂದ ಬಸ್ಸಿನ ವೇಳೆಗೆ ಒಂದು ಗಂಟೆ ಮುಂಚೆಯೇ ಕೆಲಸ ನಿಲ್ಲಿಸಿ, ಉಳಿದ ವೇಳೆಯನ್ನು ಸುಮ್ಮನೆ ಕುಳಿತಿರಲು ಮೀಸಲಿಟ್ಟೆವು.

ಈಗ ನಿಮಗೆ, ಕನ್ನಡಿಗರಿಗೆ, ನೇರವಾಗಿ ಸಂಬಂಧಿಸಿದ ಮಾತು.

ಆ ಆಶ್ರಮದ ಹಿಂದಿನ ಕೋಣೆಯಲ್ಲಿ ಎಂಬತ್ತು ದಾಟಿದ ಒಬ್ಬ ತಾಯಿ ಇದ್ದರು. ದಾಖಲೆಯಲ್ಲಿ ಅವರ ಬಗ್ಗೆ ಮೂರು ಮಾತು: ಮಾತಿಗೆ ಸ್ಪಂದಿಸುವುದಿಲ್ಲ, ಗೊಂದಲವಿದೆ, ಊಟ ನಿರಾಕರಿಸುತ್ತಾರೆ. ಕರೆತಂದು ಸೇರಿಸಿದವರು ದೂರದ ಸಂಬಂಧಿ. ಹೆಸರು ಎಲ್ಲ ಸೀಮೆಯಲ್ಲೂ ಇರುವಂಥದು. ನಾನೇ ನಾಲ್ಕೈದು ಸಲ ಅವರ ಮುಂದೆ ಹಾದುಹೋಗಿದ್ದೇನೆ, ತಮಿಳಿನಲ್ಲಿ ಮಾತನಾಡಿಸಿದ್ದೇನೆ, ಉತ್ತರ ಬಾರದೆ ಮುಂದೆ ನಡೆದಿದ್ದೇನೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಒಂದು ದಿನ ಹಳೆಯ ಸೀರೆಗಳ ತುಂಡುಗಳನ್ನು ಒಯ್ದಿದ್ದೆವು; ಪದರ ಪದರವಾಗಿ ಜೋಡಿಸಿ ಹೊಲಿಯುವುದು ಅಂದಿನ ಕೆಲಸ. ಒಬ್ಬ ವಿದ್ಯಾರ್ಥಿನಿ ಆ ತಾಯಿಯ ಮಂಚದ ಪಕ್ಕದಲ್ಲಿ ಕುಳಿತು ಹೊಲಿಯುತ್ತಿದ್ದಳು. ತಾಳವಾಡಿಯ ಹುಡುಗಿ. ಈರೋಡು ಜಿಲ್ಲೆಯ ತಾಳವಾಡಿ ನಿಮಗೆ ಗೊತ್ತು: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಇದ್ದಕ್ಕಿದ್ದಂತೆ ಮಂಚದಿಂದ ಒಂದು ಕೈ ಬಂದು ಬಟ್ಟೆಯನ್ನು ಕಸಿದುಕೊಂಡಿತು. “ಹಿಂಗಲ್ಲವಾ. ದಾರಾ ಅಷ್ಟು ಜಗ್ಗಬ್ಯಾಡ, ಅರಿವಿ ಸುಕ್ಕಾಕ್ಕತಿ.”

ಹುಡುಗಿ ನನ್ನತ್ತ ತಿರುಗಿ ಕೂಗಿಯೇ ಬಿಟ್ಟಳು, “ಮೇಡಂ, ಅಜ್ಜಿ ಕನ್ನಡ!”

ಧಾರವಾಡ ಸೀಮೆಯ ಕೌದಿಯ ಕೈ ಅದು. ಗಂಡನ ಕೆಲಸದ ದೆಸೆಯಿಂದ ಈ ಊರಿಗೆ ಬಂದು ಅರ್ಧ ಶತಮಾನ ತಮಿಳಿನಲ್ಲಿ ಸಂತೆ ಮಾಡಿ, ತಮಿಳಿನಲ್ಲಿ ಜಗಳವಾಡಿ ಬಾಳಿದಾಕೆ. ಕಡೆಗಾಲದಲ್ಲಿ ಆ ಭಾಷೆ ಕಳಚಿಬಿದ್ದಿತ್ತು, ಹುಟ್ಟುನುಡಿ ಉಳಿದಿತ್ತು. ಎಲ್ಲರಿಗೂ ಹೀಗಾಗುತ್ತದೆಂದಲ್ಲ, ಆದರೆ ಮರೆವಿನ ರೋಗದಲ್ಲಿ ಅನೇಕರಿಗೆ ತಡವಾಗಿ ಕಲಿತದ್ದು ಮೊದಲು ಹೋಗುತ್ತದೆ. ಹುಡುಗಿ ಚಾಮರಾಜನಗರದ ಕಡೆಯ ಕನ್ನಡದಲ್ಲಿ ಕೇಳುವುದು, ಅಜ್ಜಿ ಧಾರವಾಡದ ಕನ್ನಡದಲ್ಲಿ ಬೈಯುವುದು, ಹೊಲಿಗೆ ನಡೆಯಿತು. ಮೂರನೆಯ ಸಾಲಿನ ಟಾಕಿ ಹಾಕುವಾಗ ಅಜ್ಜಿ ಹೇಳಿದರು: “ಬಾಯಾಗ ಹುಣ್ಣಾಗ್ಯಾವ ನೋಡವಾ. ಖಾರ ತಿನ್ನಾಕ ಆಗೂದಿಲ್ಲ.” ಕಟ್ಟಿಸಿದ ಹಲ್ಲಿನ ಅಂಚು ಒಸಡನ್ನು ಕೊರೆದಿತ್ತು. ಹಲ್ಲನ್ನು ತೆಗೆದಿಟ್ಟು ಮೊಸರನ್ನ ಕೊಟ್ಟರು, ದಂತವೈದ್ಯರು ಅಂಚನ್ನು ಉಜ್ಜಿ ಸರಿಪಡಿಸಿದರು. ‘ಊಟ ನಿರಾಕರಣೆ’ ಮುಗಿಯಿತು. ಆಕೆ ನಿರಾಕರಿಸಿರಲೇ ಇಲ್ಲ. ತಿಂಗಳುಗಟ್ಟಲೆ ಹೇಳುತ್ತಲೇ ಇದ್ದಿರಬೇಕು, ಕೇಳಿದವರಿಗೆ ಅದು ಬರಿಯ ಗೊಣಗಾಟವಾಗಿತ್ತು.

ಎಂಟು ತಿಂಗಳ ಬಳಿಕ ಆಕೆ ತೀರಿಕೊಂಡರು. ಕೌದಿ ಪೂರ್ಣವಾಗಿರಲಿಲ್ಲ. ಅದನ್ನು ನಮ್ಮ ಕಾಲೇಜಿನ ಪ್ರದರ್ಶನದಲ್ಲಿ ಇಡಬೇಕೆಂಬ ಸಲಹೆ ಬಂತು. ತಾಳವಾಡಿಯ ಹುಡುಗಿ ಒಪ್ಪಲಿಲ್ಲ. ಅಜ್ಜಿಯನ್ನು ನಾವು ಕೇಳಿರಲಿಲ್ಲವಲ್ಲ ಎಂದಳು. ಅವಳೇ ಸರಿ ಎಂದು ನನಗೂ ಅನಿಸಿತು. ಸಂಬಂಧಿಕರಿಗೆ ಕೊಟ್ಟೆವು.

ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮರೆವು ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಹೊರನಾಡ ಕನ್ನಡಿಗರಾದ ನಮಗೆ ಇದು ಸಂತೋಷದ ಸುದ್ದಿ. ಎರಡು ಭಾಷೆ ನಮ್ಮನ್ನು ಕೆಲಕಾಲ ಕಾಯಬಹುದು. ಆದರೆ ಕಾಯುವ ಕಾಲ ಮುಗಿದಾಗ ಯಾವ ಭಾಷೆ ಉಳಿಯುತ್ತದೆ, ಅದನ್ನು ಬಲ್ಲ ದಾದಿ ಪಕ್ಕದಲ್ಲಿರುತ್ತಾಳೆಯೇ ಎಂಬುದು ಬೇರೆಯ ಪ್ರಶ್ನೆ. ತಾಳವಾಡಿಯ ಹುಡುಗಿ ಆ ದಿನ ಆ ಮಂಚದ ಬಳಿ ಕೂತದ್ದು ಕೇವಲ ಆಕಸ್ಮಿಕ.

ಪರದೇಶದ ಪ್ರಯೋಗಗಳನ್ನು ನೀವು ಕೇಳಬಯಸಬಹುದು, ಚುಟುಕಾಗಿ ಹೇಳುತ್ತೇನೆ. ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಶುಶ್ರೂಷೆಯ ಟಿಪ್ಪಣಿಗಳಲ್ಲಿ ನೂರಅರುವತ್ತು ವರ್ಷಗಳ ಹಿಂದೆಯೇ ರೋಗಿಯ ಕಣ್ಣಿಗೆ ಬಣ್ಣ ಬೇಕು, ಕೈಗೆ ಒಂದಿಷ್ಟು ಹೊಲಿಗೆಯಂಥ ಕೆಲಸ ಬೇಕು ಎಂದಿದ್ದರು. ಅಮೆರಿಕದ ಆನ್ ಬಾಸ್ಟಿಂಗ್ ಎಂಬುವರು 1998ರಲ್ಲಿ ಮರೆವು ರೋಗಿಗಳ ಮುಂದೆ ಒಂದು ಚಿತ್ರವಿಟ್ಟು, ನೆನಪಿಸಿಕೊಳ್ಳಿ ಎನ್ನದೆ, ಕಥೆ ಕಟ್ಟಿರಿ ಎನ್ನುವ ಪದ್ಧತಿ ಆರಂಭಿಸಿದರು. ನೆನಪಿಲ್ಲದವರಿಗೂ ಕಲ್ಪನೆಯಿರುತ್ತದೆ ಎಂಬುದು ಅದರ ತಿರುಳು. ಜೀನ್ ಕೋಹೆನ್ ಎಂಬ ಮನೋವೈದ್ಯರು, ಮೇಳಗಾನದಲ್ಲಿ ಹಾಡುವ ಎಂಬತ್ತರ ಆಸುಪಾಸಿನ ಹಿರಿಯರು ಇತರರಿಗಿಂತ ಕಡಿಮೆ ಬೀಳುತ್ತಾರೆ, ಕಡಿಮೆ ಔಷಧ ನುಂಗುತ್ತಾರೆ ಎಂದು ವರದಿ ಮಾಡಿದರು. ಹಾಡಲು ಹೋಗುವಷ್ಟು ಗಟ್ಟಿಯಾಗಿದ್ದವರು ಅವರು ಎಂಬುದನ್ನೂ ಮರೆಯಬಾರದು. ರಾಯಪುರಂನ ಹಿಂದಿನ ಕೋಣೆಗೆ ಆ ಲೆಕ್ಕವನ್ನು ಹಾಗೆಯೇ ತರಲಾಗದು.

ದೂರ ಹೋಗುವುದೇಕೆ? ಪಾವಗಡದ ಸೂಲಗಿತ್ತಿ ನರಸಮ್ಮನವರು ಓದುಬರಹವಿಲ್ಲದೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡರು. ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ತೊಗಲುಗೊಂಬೆಯಾಟಕ್ಕಾಗಿ ಪದ್ಮಶ್ರೀ ಬಂದಾಗ ವಯಸ್ಸು 96. ಇಂಥವರು ಆಸ್ಪತ್ರೆ ಸೇರಿದ ದಿನ ಚೀಟಿಯ ಮೇಲೆ ವಯಸ್ಸು, ಲಿಂಗ, ರಕ್ತದೊತ್ತಡ ಬರೆಯುತ್ತಾರೆ. ಆ ಕೈ ಏನು ಬಲ್ಲದು ಎಂಬ ಕಾಲಮ್ಮು ಯಾವ ಚೀಟಿಯಲ್ಲೂ ಇಲ್ಲ. ನಮ್ಮ ವಿದ್ಯಾರ್ಥಿನಿಯರು ತಮ್ಮ ದಾಖಲೆ ಪುಸ್ತಕದಲ್ಲಿ ಅದನ್ನು ಕೈಯಿಂದ ಗೆರೆ ಎಳೆದು ಸೇರಿಸಿಕೊಂಡರು. ಅದರ ಪಕ್ಕದಲ್ಲಿ ಇನ್ನೊಂದು: ಮನೆಮಾತು ಯಾವುದು.

ಇದೆಲ್ಲ ಸುಲಭವೆಂದು ತಿಳಿಯಬೇಡಿ. ಒಂದು ಕಡೆ ಮೇಲ್ವಿಚಾರಕರು ರಂಗೋಲಿ ಪುಡಿಯಿಂದ ನೆಲ ಕೆಟ್ಟಿತೆಂದು ನಮ್ಮನ್ನು ಎರಡು ವಾರ ಒಳಗೆ ಬಿಡಲಿಲ್ಲ. ಅವರದೂ ತಪ್ಪಲ್ಲ, ಪುಡಿಯ ಮೇಲೆ ಕಾಲು ಜಾರಿ ಸೊಂಟ ಮುರಿದರೆ ಉತ್ತರ ಕೊಡುವವರು ಅವರೇ. ಆಮೇಲೆ ಕರಿಹಲಗೆಯನ್ನು ಮೇಜಿನ ಮೇಲೆ ಮಲಗಿಸಿ ಸೀಮೆಸುಣ್ಣದಲ್ಲಿ ಬರೆಸಿದೆವು. ಮಂಡಿನೋವಿನವರಿಗೂ ಅದೇ ಅನುಕೂಲವಾಯಿತು. ಸಕ್ಕರೆ ಕಾಯಿಲೆಯಿಂದ ಬೆರಳ ಸ್ಪರ್ಶ ಕಳೆದವರಿಗೆ ಸೂಜಿ ಕೊಡಬಾರದು, ಚುಚ್ಚಿದ್ದು ತಿಳಿಯುವುದಿಲ್ಲ. ಅವರಿಗೆ ಹೂ ಕಟ್ಟುವ ಕೆಲಸ. ಮರೆವಿನವರಲ್ಲಿ ಸಂಜೆಯ ಹೊತ್ತಿಗೆ ಕಳವಳ ಹೆಚ್ಚುವುದುಂಟು, ಆದ್ದರಿಂದ ಬೆಳಗಿನ ಹತ್ತು ಗಂಟೆಯೇ ಸರಿ. ಹಾಗೆಯೇ, ಕಲೆಯ ಹೆಸರಿನಲ್ಲಿ ಸಿಬ್ಬಂದಿಯ ಕೊರತೆಯನ್ನು ಮುಚ್ಚಿಡುವುದಕ್ಕೆ ನಾನು ವಿರೋಧಿ. ಬೆನ್ನುಹುಣ್ಣಾಗದಂತೆ ಮಗ್ಗುಲು ಬದಲಿಸುವ ಕೈಗಳೇ ಇಲ್ಲದಲ್ಲಿ ಬಣ್ಣದ ಡಬ್ಬಿ ಹಿಡಿದು ಹೋಗುವುದು ಅಣಕವಾಗುತ್ತದೆ.

ಸಂಘದವರಲ್ಲಿ ನನ್ನ ಬಿನ್ನಹ ಇದು. ನವೆಂಬರ್ ತಿಂಗಳಲ್ಲಿ ನಾವು ಬೆಂಗಳೂರಿನಿಂದ ವಾದ್ಯಗೋಷ್ಠಿ ತರಿಸುತ್ತೇವೆ. ಬೇಡವೆನ್ನುವುದಿಲ್ಲ, ನಾನೂ ಮುಂದಿನ ಸಾಲಿನಲ್ಲೇ ಕೂತು ಕೇಳುತ್ತೇನೆ. ಆದರೆ ಈ ಸಭೆಯಲ್ಲಿ ಸೋಬಾನೆ ಬಲ್ಲ ತಾಯಂದಿರಿದ್ದಾರೆ, ಕಸೂತಿ ಬಲ್ಲವರಿದ್ದಾರೆ, ಹಿಂದೆ ಯಕ್ಷಗಾನದ ವೇಷ ಕಟ್ಟಿದವರೂ ಇದ್ದಾರೆಂದು ಕೇಳಿದ್ದೇನೆ. ಈ ಊರಿನ ಆಸ್ಪತ್ರೆಗಳಲ್ಲಿ, ಆಶ್ರಮಗಳಲ್ಲಿ ‘ಮಾತಿಗೆ ಸ್ಪಂದಿಸದ’ ಎಷ್ಟು ಮಂದಿ ಕನ್ನಡದವರಿದ್ದಾರೋ ಎಣಿಸಿದವರಿಲ್ಲ. ಕನ್ನಡ ಬಲ್ಲ ಶುಶ್ರೂಷಾ ವಿದ್ಯಾರ್ಥಿನಿಯರ ಒಂದು ಪಟ್ಟಿ ಸಂಘದ ಕಚೇರಿಯಲ್ಲಿರಲಿ. ಹೊಸೂರು, ತಾಳವಾಡಿ, ಕಾಸರಗೋಡುಗಳಿಂದ ಬಂದ ಹುಡುಗಿಯರು ಇಲ್ಲಿನ ವಸತಿಗೃಹಗಳಲ್ಲಿದ್ದಾರೆ, ಸಂಘವಿದೆಯೆಂಬುದೇ ಅವರಿಗೆ ತಿಳಿಯದು. ಕನ್ನಡ ಬಾರದ ಹುಡುಗಿಯರಿಗೆ ನೋವು, ಹುಣ್ಣು, ಹಸಿವು, ಬಾಯಾರಿಕೆ, ಚಳಿ ಎಂಬಂಥ ನಲವತ್ತು ಮಾತುಗಳನ್ನು ಇಲ್ಲಿಯೇ ಕಲಿಸಬಹುದು. ಪಟ್ಟಿಯನ್ನು ತಮಿಳು ಲಿಪಿಯಲ್ಲಿ ಬರೆದು ತಂದಿದ್ದೇನೆ. ಧಾರವಾಡದ ಕಡೆಯವರೂ ಮಂಗಳೂರಿನ ಕಡೆಯವರೂ ತಮ್ಮ ತಮ್ಮ ಮಾತುಗಳನ್ನು ಅದರಲ್ಲಿ ಸೇರಿಸಿಕೊಡಬೇಕು.

ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ನಾನು ರಾಯಪುರಂಗೆ ಹೋಗುತ್ತಿದ್ದೇನೆ. ಆರು ಮಂದಿ ವಿದ್ಯಾರ್ಥಿನಿಯರಿದ್ದಾರೆ. ಹಳೆಯ ನೂಲಿನ ಸೀರೆಗಳಿದ್ದರೆ ಕೊಡಿ, ರೇಷ್ಮೆ ಬೇಡ; ಜಾರುತ್ತದೆ, ಮುದಿಬೆರಳಿಗೆ ಹಿಡಿತ ಸಿಗುವುದಿಲ್ಲ. ಬರಲು ಒಪ್ಪುವವರು ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ ಹೋಗಬೇಕೆಂದು ಕೋರುತ್ತೇನೆ.